ದೋಣಿಯವಳು ಕೇಳಿದ್ದು

ಮನೆಯಲ್ಲಿ ಅವಳನ್ನು ಚಕ್ರಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಫೋನಿನಲ್ಲಿ ಮಾತಾಡುತ್ತ ಮೂರು ಕೋಣೆ ಸುತ್ತುತ್ತಾಳೆ, ಹಲ್ಲುಜ್ಜುತ್ತ ಹಿತ್ತಿಲಿಗೆ ಹೋಗಿ ಬರುತ್ತಾಳೆ, ಆಫೀಸಿನ ಲಿಫ್ಟ್ ಬರುವುದು ಅರ್ಧ ನಿಮಿಷ ತಡವಾದರೆ ಆರು ಮಹಡಿ ಹತ್ತಿಯೇ ಬಿಡುತ್ತಾಳೆ. ನಲವತ್ತು ದಾಟಿದ ಮೇಲಾದರೂ ಒಂದು ಕಡೆ ಕೂತಾಳು ಎಂದು ಅವಳ ಅಕ್ಕ ಕಾದದ್ದೇ ಬಂತು. ಆ ಸೋಮವಾರ ಬೆಳಗ್ಗೆಯಂತೂ ಆಫೀಸಿನ ಕಾರಿಡಾರಿನಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ಕಾರಣವಿತ್ತು. ಗುರುವಾರ ಹನ್ನೊಂದು ಗಂಟೆಗೆ ಅವಳ ನಾಲ್ಕು ವರ್ಷದ ಕೆಲಸ ಉಳಿಯಬೇಕೋ ಅಳಿಯಬೇಕೋ ಎಂಬ ತೀರ್ಮಾನವಾಗುವುದಿತ್ತು.

ಅವಳ ಕೆಲಸ ವಿಡಿಯೋ ಗೇಮ್ ಕಟ್ಟುವುದು. ಗುಂಡು ಹಾರಿಸಿ ಹತ್ತು ನಿಮಿಷಕ್ಕೆ ಮುಗಿಸುವ ಆಟವಲ್ಲ. ಆಡುವವರು ಒಂದು ಪಾತ್ರವಾಗಿ ಒಳಹೊಕ್ಕು, ಹರಿದ ಅಂಗಿ, ಒಂದು ಕೋಲು ಹಿಡಿದು ಹೊರಟು, ಐವತ್ತು ಅರವತ್ತು ಗಂಟೆ ಅಲೆದು, ಹೊಡೆದಾಡಿ, ಲೆವೆಲ್ ಮೇಲೆ ಲೆವೆಲ್ ಏರಿ ಕೊನೆಗೆ ಮಹಾವೀರರಾಗುವ ಜಾತಿಯದು. ಮೊದಲು ಒಂದು ನದಿ, ಆಮೇಲೆ ಕಾಡು, ಗುಡ್ಡ, ಗುಡ್ಡದಾಚೆ ಕೊನೆಯ ಪಟ್ಟಣ. ಆ ಪಟ್ಟಣ ಚಕ್ರಿಯದು. ಅದರ ಒಂದೊಂದು ಬೀದಿ, ಒಂದೊಂದು ಮೆಟ್ಟಿಲು, ನೀರಿನ ತೊಟ್ಟಿಗೆ ಹಿಡಿದ ಪಾಚಿ ಕೂಡ ಅವಳು ಕೂತು, ಅಲ್ಲ, ಓಡಾಡುತ್ತ ಕಟ್ಟಿಸಿದ್ದು.

ಹೊರಗಿನ ನೂರು ಜನಕ್ಕೆ ಆಟ ಕೊಟ್ಟು ನೋಡಿದ್ದರು. ಎಪ್ಪತ್ತಾರು ಜನ ಕೊನೆಯ ಪಟ್ಟಣ ಹೊಕ್ಕರು. ಆಟ ಮುಗಿಸಿದವರು ಒಂಬತ್ತೇ ಜನ. ಮಿಕ್ಕವರು ಅಷ್ಟು ದೂರ ಬಂದು, ಊಟದ ಎಲೆ ಮುಂದೆ ಕೂತು ಎದ್ದು ಹೋದವರ ಹಾಗೆ ಆಟವನ್ನು ಮುಗಿಸದೆ ಬಿಟ್ಟಿದ್ದರು.

“ನೋಡಿ ಇವ್ರೇ, ಯಾರೂ ಇರದ ಪಟ್ಟಣ ಇಟ್ಕೊಂಡು ನಾವೇನು ಮಾಡೋಣ?” ಎಂದಿದ್ದರು ನಿರ್ದೇಶಕರು. ಅವರಿಗೆ ಬೆನ್ನ ಹಿಂದೆ ಕತ್ತರಿ ಎಂದೇ ಹೆಸರು. ಕೆಟ್ಟವರೇನಲ್ಲ, ಬೇಡವಾದ್ದನ್ನು ಬೇಡ ಎನ್ನುವ ಪಾಪದ ಕೆಲಸ ಅವರ ತಲೆಯ ಮೇಲೆ ಬಿದ್ದಿತ್ತು, ಅಷ್ಟೇ. “ಗುಡ್ಡದ ಮೇಲೇ ಕಥೆ ಮುಗಿಸೋಣ. ಇಲ್ಲಾ, ಗುರುವಾರದೊಳಗೆ ಏನಾದ್ರೂ ತೋರಿಸಿ.”

ಏನಾದರೂ ತೋರಿಸಲು ಚಕ್ರಿ ಮೂರು ವಾರದಿಂದ ಹೆಣಗುತ್ತಿದ್ದಳು. ಪಟ್ಟಣದ ಕೊನೆಯ ರಾಕ್ಷಸನ ಬಲ ಇಮ್ಮಡಿ ಮಾಡಿದಳು. ಒಂದೇ ಏಟಿಗೆ ಸಾಯುತ್ತಿದ್ದವನು ಎರಡು ಏಟಿಗೆ ಸತ್ತ. ಅವನಿಗೆ ಇನ್ನೆರಡು ತಲೆ ಕೊಟ್ಟಳು. ನೋಡಿದವರು ನಕ್ಕರು. ಗೆದ್ದವರಿಗೆ ಹೊಸ ಕತ್ತಿ ಇಟ್ಟಳು. ಗುಡ್ಡ ಸೀಳುವ ಕತ್ತಿ ಮೊದಲೇ ಸೊಂಟದಲ್ಲಿದ್ದವರಿಗೆ ಗುಡ್ಡ ಸೀಳುವ ಇನ್ನೊಂದು ಕತ್ತಿ ಯಾವ ಸಂಭ್ರಮಕ್ಕೆ? ಬಲ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ತೂಗಿ ತೂಗಿ ಅವಳ ತಲೆ ಮೊಸರು ಗಡಿಗೆಯಾಗಿತ್ತು.

ಪ್ರತಿ ಬದಲಾವಣೆಯನ್ನೂ ಆಡಿ ನೋಡುವುದು ದಿಢೀರ್ ಮೇಲೆ. ದಿಢೀರ್ ಎಂದರೆ ಆಫೀಸಿನವರೆಲ್ಲ ಬಳಸುವ ಒಂದು ಸಿದ್ಧ ಸೇವ್ ಫೈಲ್, ಆಟವನ್ನು ಒಂದು ಹಂತದಲ್ಲಿ ಉಳಿಸಿಟ್ಟ ಕಡತ. ಪಟ್ಟಣ ಸರಿಯಿದೆಯೋ ಎಂದು ನೋಡಲು ಪ್ರತಿ ಸಲ ನದಿಯಿಂದ ಐವತ್ತು ಗಂಟೆ ನಡೆದು ಬರಲು ಯಾರಿಗೆ ಪುರುಸೊತ್ತು? ಅದಕ್ಕೇ ಒಬ್ಬ ರೆಡಿಮೇಡ್ ವೀರ: ಲೆವೆಲ್ ನಲವತ್ತೈದು, ಚೀಲದ ತುಂಬ ಆಯುಧ, ಎಲ್ಲ ಬಾಗಿಲೂ ತೆರೆದಿವೆ. ಗುಂಡಿ ಒತ್ತಿದರೆ ಪಟ್ಟಣದ ಹೆಬ್ಬಾಗಿಲಲ್ಲಿ ಹಾಜರ್. ನಾಲ್ಕು ವರ್ಷದಿಂದ ಇಡೀ ಆಫೀಸು ಆ ಪಟ್ಟಣವನ್ನು ನೋಡಿದ್ದು ಈ ದಿಢೀರನ ಕಣ್ಣಿನಲ್ಲೇ.

“ಈ ಕಲೆ ಇನ್ನೂ ಹೋಗಿಲ್ವಲ್ಲೋ,” ಎಂದಳು ಚಕ್ರಿ ಗೋಡೆಯ ಮೇಲಿನ ನಕ್ಷೆ ನೋಡಿ. ಆಡುವವರು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತರು ಎಂಬುದನ್ನು ಚುಕ್ಕಿಗಳಲ್ಲಿ ತೋರಿಸುವ ನಕ್ಷೆ ಅದು; ಯಾವಾಗ ನಿಂತರು ಎಂಬುದು ಅದರಲ್ಲಿಲ್ಲ. ಆಟದ ಶುರುವಿನ ನದಿ ದಡದಲ್ಲಿ ಚುಕ್ಕಿಗಳೆಲ್ಲ ಸೇರಿ ಮಸಿ ಚೆಲ್ಲಿದಂತೆ ಕಾಣುತ್ತಿತ್ತು.

ಕೋಡ್ ಬರೆಯುವವನು ತಲೆ ಎತ್ತಲಿಲ್ಲ. ಅವನ ಹೆಸರು ಗಡ್ಡ. ಗಡ್ಡ ಬೋಳಿಸಿ ಎರಡು ವರ್ಷವಾದರೂ ಹೆಸರು ಮಾತ್ರ ಬೋಳಾಗಿರಲಿಲ್ಲ. “ಎರಡು ಸಲ ಅಲ್ಲಿನ ನೆಲ ಸರಿ ಮಾಡಿದೀನಿ. ಯಾರೂ ಸಿಕ್ಕಿ ಹಾಕ್ಕೊಳೋಕೆ ಸಾಧ್ಯನೇ ಇಲ್ಲ.”

“ಹಾಗಾದ್ರೆ ಇಪ್ಪತ್ತಮೂರು ಜನ ಅಲ್ಲಿ ನಿಂತು ಏನ್ ಮಾಡ್ತಿದಾರೆ? ಗಾಳಿ ಸೇವನೆನಾ?”

“ಮೂರನೇ ಸಲ ನೋಡ್ತೀನಿ ಬಿಡು. ಈಗ ನಿನ್ನ ರಾಕ್ಷಸನಿಗೆ ಇನ್ನೆಷ್ಟು ತಲೆ ಬೇಕು, ಅದು ಹೇಳು.”

ಚಕ್ರಿಗೆ ಅಳು ಬರುವಂತಾಯಿತು. ಅಳುವುದಕ್ಕೂ ಒಂದು ಕಡೆ ನಿಲ್ಲಬೇಕಲ್ಲ. ಅವಳು ಮತ್ತೆ ಕಾರಿಡಾರಿಗೆ ಹೊರಟಳು.

ಸಂಜೆ ಮನೆಗೆ ಬಂದಾಗ ಅಕ್ಕ ಸೋಫಾದ ಮೇಲೆ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಂಟ್ರೋಲರ್ ಹಿಡಿದು ಕೂತಿದ್ದಳು. ಅಕ್ಕ ಹಲ್ಲಿನ ಸೆಟ್ ಕಟ್ಟುವವಳು. ಇಪ್ಪತ್ತೆಂಟು ವರ್ಷದಿಂದ ಒಂದೇ ಬೆಂಚು, ಒಂದೇ ಕಿಟಕಿ, ಎದುರಿಗೆ ಸಾಲಾಗಿ ಯಾರ್ಯಾರದೋ ದವಡೆಯ ಅಚ್ಚು. ಅಪ್ಪ ಅಮ್ಮ ಹೋದ ಮೇಲೆ ಚಕ್ರಿಯನ್ನು ಓದಿಸಿದ್ದು ಆ ಬೆಂಚೇ. ಎರಡು ತಿಂಗಳ ಹಿಂದೆ ಲ್ಯಾಬಿನ ಮೆಟ್ಟಿಲಿನಿಂದ ಜಾರಿ ಹಿಮ್ಮಡಿ ಮುರಿದುಕೊಂಡಳು. ಅಕ್ಕನ ಮನೆ ಅದೇ ಬೀದಿಯಲ್ಲಿ ಮೂರನೇ ಮಹಡಿ, ಚಕ್ರಿ ಆಫೀಸು ಮುಗಿಸಿ ದಿನಾ ಸಂಜೆ ತಲೆ ಹಾಕುತ್ತಿದ್ದದ್ದು; ಚಕ್ರಿಯದು ನೆಲಮಹಡಿ ಎಂದು ಇಲ್ಲಿಗೆ ಬಂದಳು. ಬಂದ ಮೂರನೇ ದಿನಕ್ಕೆ ಡಬ್ಬಿಗಳನ್ನು ಹೇಗೆ ಜೋಡಿಸಬೇಕು, ಪರದೆ ಯಾಕೆ ಕೊಳೆಯಾಗಿದೆ ಎಂದು ಶುರು ಹಚ್ಚಿದಾಗ, ಬಾಯಿ ಮುಚ್ಚಿಸಲು ಚಕ್ರಿ ಅವಳ ಕೈಗೆ ಆಟ ಕೊಟ್ಟಿದ್ದಳು.

ಉಪಾಯ ಅತಿಯಾಗಿಯೇ ಫಲಿಸಿತ್ತು. ಅಕ್ಕ ಆಗಲೇ ಲೆವೆಲ್ ನಲವತ್ತಾರು. ಏನನ್ನೂ ಮಾರುವವಳಲ್ಲ, ಏನನ್ನೂ ಖರ್ಚು ಮಾಡುವವಳಲ್ಲ. ಅವಳ ಚೀಲದಲ್ಲಿ ಗಾಯಕ್ಕೆ ಹಚ್ಚುವ ಮುಲಾಮಿನ ಇನ್ನೂರ ಹನ್ನೆರಡು ಸೀಸೆಗಳಿದ್ದವು. “ಮುಂದೆ ಬೇಕಾಗ್ಬೋದು” ಎನ್ನುತ್ತ ಒಂದನ್ನೂ ಮುಟ್ಟದೆ, ರಕ್ತ ಸುರಿಸಿಕೊಂಡೇ ಗುಡ್ಡ ಹತ್ತಿದ್ದಳು.

ಚಕ್ರಿ ಪರದೆ ನೋಡಿದಳು. ನದಿ. ದಡ. ಹಳೆಯ ದೋಣಿ.

“ಇದೇನೇ ಇದು, ಮತ್ತೆ ಮೊದಲಿಂದ ಶುರು ಮಾಡಿದ್ಯಾ?”

“ಇಲ್ವಲ್ಲ. ವಾಪಸ್ ಬಂದೆ.”

“ಎಲ್ಲಿಂದ?”

“ನಿನ್ನ ಪಟ್ಟಣದಿಂದ. ಬಂದು ಹತ್ತು ದಿನ ಆಯ್ತು.”

ಹತ್ತು ದಿನ! ಒಡಹುಟ್ಟಿದವಳೇ ಅವಳ ಪಟ್ಟಣ ಹೊಕ್ಕು, ಹೊರಬಿದ್ದು, ಒಂದು ಮಾತು ಆಡಿರಲಿಲ್ಲ. “ನಂಗೆ ಹೇಳ್ಲೇ ಇಲ್ವಲ್ಲ?”

“ಏನಂತ ಹೇಳ್ಲಿ? ನೀನು ನಿಂತು ಕೇಳ್ತೀಯಾ? ಬಾಗಿಲಲ್ಲಿ ಚಪ್ಪಲಿ ಬಿಡ್ತಾ ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಅಂತೀಯ, ಸ್ನಾನಕ್ಕೆ ಹೋಗ್ತೀಯ.” ಅಕ್ಕ ಕಣ್ಣು ಪರದೆಯಿಂದ ತೆಗೆಯಲಿಲ್ಲ. “ಪಟ್ಟಣ ಚೆನ್ನಾಗಿದೆ ಕಣೇ. ತೊಟ್ಟಿ ಪಾಚಿ ಎಲ್ಲಾ ನಿಜದ ಥರಾನೇ ಇದೆ. ಆದ್ರೆ ಅಲ್ಲಿ ಕಸ ಗುಡಿಸೋನಿಂದ ರಾಣಿ ತನಕ ಎಲ್ಲರೂ ನಂಗೆ ಕೈ ಮುಗೀತಾರೆ, ಒಬ್ಬರಿಗೂ ನಾನ್ಯಾರು ಅಂತ ಗೊತ್ತಿಲ್ಲ. ಕಾಡಲ್ಲಿ ಆ ಕುರುಡ ಮುದುಕನಿಗೆ ಬಾವಿ ತೋಡಿಕೊಟ್ಟೆ, ಗಿರಣಿಯವನ ಮಗಳನ್ನ ಹುಡುಕಿಕೊಟ್ಟೆ. ಅದನ್ನೆಲ್ಲ ಕೇಳೋರೇ ಇಲ್ಲ. ಮೂರು ತಲೆ ರಾಕ್ಷಸನ್ನ ಕೊಂದು ಯಾರಿಗೆ ಹೇಳ್ಲಿ?”

“ಅದಕ್ಕೆ ಇಷ್ಟು ದೂರ ವಾಪಸ್ ನಡೆದ್ಯಾ?”

“ಮತ್ತೆ? ಹೊರಡೋವಾಗ ಈ ದೋಣಿಯವಳು ಕಂಬಳಿ ಹೊದಿಸಿ ಹೇಳಿದ್ಲಲ್ಲ, ‘ಗುಡ್ಡದಾಚೆ ಏನೇನಿದೆ ಅಂತ ಬಂದು ಹೇಳು, ನಾನು ಈ ದಡ ಬಿಟ್ಟು ಹೋದವಳಲ್ಲ’ ಅಂತ. ಹೇಳೋಕೆ ಬಂದೆ. ನೋಡು ಏನಂತಾಳೆ.”

ಅಕ್ಕ ಗುಂಡಿ ಒತ್ತಿದಳು. ದೋಣಿಯವಳು ಹುಟ್ಟು ಕೆಳಗಿಟ್ಟು ತಿರುಗಿದಳು. ಅವಳ ಮಾತು ಪರದೆಯ ಕೆಳಗೆ ಮೂಡಿತು: “ಹೊಸಬಳಾ? ಯಾವ ಕಡೆ ಹೋಗಬೇಕು?”

“ಹತ್ತು ದಿನದಿಂದ ಇದೇ ಮಾತು,” ಎಂದಳು ಅಕ್ಕ. “ಇವತ್ತಾದ್ರೂ ಗುರುತು ಹಿಡೀತಾಳೇನೋ ಅಂತ ಬಂದು ಬಂದು ನಿಲ್ತೀನಿ.”

ಚಕ್ರಿ ನಿಂತಲ್ಲೇ ಬೆಪ್ಪಾದಳು. ನದಿ ದಡದ ಮಸಿ ಕಲೆ ಕಣ್ಣ ಮುಂದೆ ಬಂತು. ಇಪ್ಪತ್ತಮೂರು ಜನ ಅಲ್ಲಿ ಸಿಕ್ಕಿಹಾಕಿಕೊಂಡಿರಲಿಲ್ಲ. ಕೊನೆಯ ಪಟ್ಟಣ ಬಿಟ್ಟು, ಕೇಳಿದವಳಿಗೆ ಉತ್ತರ ಹೇಳಲು ಅಷ್ಟು ದೂರ ನಡೆದು ಬಂದಿದ್ದರು. ಇವರೋ, ಅದನ್ನು ನೆಲದ ದೋಷವೆಂದು ಎರಡೆರಡು ಸಲ ಮಣ್ಣು ಮುಚ್ಚಿದ್ದರು. ಗೊತ್ತಾಗುವುದಾದರೂ ಹೇಗೆ? ದಿಢೀರ್ ಹುಟ್ಟಿದ್ದೇ ಹೆಬ್ಬಾಗಿಲಲ್ಲಿ. ಅವನು ನದಿ ದಾಟಿದವನಲ್ಲ, ಯಾರ ಕಂಬಳಿಯನ್ನೂ ಹೊದ್ದವನಲ್ಲ, ಯಾರಿಗೂ ಮಾತು ಕೊಟ್ಟವನಲ್ಲ. ಹಿಂದಿಲ್ಲದ ವೀರನಿಗೆ ಮುಂದೇನು ಬೇಕು ಎಂದು ಮೂರು ವಾರ ಅವಳು ರಾಕ್ಷಸನ ತಲೆ ಎಣಿಸಿದ್ದಳು.

ಮಂಗಳವಾರ ಬೆಳಗ್ಗೆ ಗಡ್ಡ ಚಹಾ ಕುಡಿಯುವ ಮೊದಲೇ ಅವನ ಕುರ್ಚಿ ತಿರುಗಿಸಿದಳು. ಹೇಳಿದಳು. ಅವನು ಕೇಳಿ, ಬೋಳು ಗಲ್ಲ ಕೆರೆದುಕೊಂಡು, “ಥೂ,” ಎಂದ. ಅದು ಒಪ್ಪಿಗೆ.

ಇಬ್ಬರೂ ದೋಣಿಯವಳ ಹಳೆಯ ಮಾತುಗಳ ಕಡತ ತೆಗೆದರು. ಬರೆದವರ ಗುರುತು ಚಕ್ರಿಯದೇ. ಒಂಬತ್ತು ವರ್ಷದ ಹಿಂದೆ, ಆಟದಲ್ಲಿ ನದಿಯೊಂದೇ ಇದ್ದಾಗ, ಕೆಲಸಕ್ಕೆ ಸೇರಿದ ಮೊದಲ ವಾರ ಬರೆದದ್ದು. ಜಾಗ ತುಂಬಲು ಏನೋ ನಾಲ್ಕು ಸಾಲು ಬರೆ ಎಂದಿದ್ದರು, ಬರೆದಿದ್ದಳು, ಮರೆತಿದ್ದಳು. ಈಗ ದೋಣಿಯವಳಿಗೆ ಹೊಸ ಮಾತು ಬರೆದಳು. ದಡಕ್ಕೆ ಮರಳಿ ಬಂದವರ ಗುರುತು ಅವಳು ಹಿಡಿಯಬೇಕು. ಗುಡ್ಡದಾಚೆಯದನ್ನು ಕೇಳಬೇಕು. ಕರೆದರೆ ದೋಣಿ ಬಿಟ್ಟು ಜೊತೆಗೆ ಬರಬೇಕು. ದೋಣಿಯವಳು ಕಾಲೆಳೆಯುತ್ತ ನಡೆಯುತ್ತಾಳೆ, ಗುಂಪು ಕಂಡರೆ ಹೆದರುತ್ತಾಳೆ, ಪ್ರತಿ ಅಂಗಡಿ ಮುಂದೆ ನಿಲ್ಲುತ್ತಾಳೆ, ದಾರಿಯಲ್ಲಿ ಕಂಡವರ ಬಗ್ಗೆ ಕೇಳುತ್ತಾಳೆ. ಅವಳನ್ನು ಪಟ್ಟಣ ಸುತ್ತಿಸಲು ಗುಡ್ಡ ಸೀಳುವ ಕತ್ತಿ ಯಾವ ಮೂಲೆಗೂ ಸಾಲದು. ಹಿಂದೆ ಉಪಕಾರ ಮಾಡಿದವರನ್ನೆಲ್ಲ ಕೂಗಿ ಕರೆಯಬೇಕು. ಎರಡು ದಿನದಲ್ಲಿ ಆಗಿದ್ದು ನದಿ ದಡ, ಹೆಬ್ಬಾಗಿಲು, ಮೊದಲ ಬೀದಿ. ಅಷ್ಟೇ.

ಬುಧವಾರ ಮಧ್ಯಾಹ್ನ ದಿಢೀರನನ್ನು ಎಳೆದು ತಂದು ದಡದಲ್ಲಿ ನಿಲ್ಲಿಸಿದರು. “ಹೊಸಬನಾ? ಯಾವ ಕಡೆ ಹೋಗಬೇಕು?” ಎಂದಳು ದೋಣಿಯವಳು.

“ಕೆಟ್ಟಿತಾ?” ಎಂದಳು ಚಕ್ರಿ.

“ಕೆಟ್ಟಿಲ್ಲ. ಸರಿಯಾಗೇ ಇದೆ. ಇವನು ಹೊಸಬನೇ ಅಲ್ವಾ?” ಗಡ್ಡ ಕೈ ಚೆಲ್ಲಿದ. “ದೋಣಿ ಹತ್ತಿದ ಗುರುತು ಬೇಕಾದ್ರೆ ಇವನಿಗೆ ಅಂಟಿಸ್ಬೋದು. ಆದ್ರೆ ಅವಳು ಆಮೇಲೆ ಕೇಳೋದೆಲ್ಲಾ ದಾರಿಯಲ್ಲಿ ಸಿಕ್ಕವರ ಬಗ್ಗೆ. ಇವನಿಗೆ ದಾರೀನೇ ಇಲ್ಲ. ಒಂದೊಂದೇ ಅಂಟಿಸ್ತಾ ಕೂತ್ರೆ ಮುಂದಿನ ಗುರುವಾರಾನೂ ಮುಗಿಯಲ್ಲ. ಮೊದಲಿಂದ ಆಡಿದ ಫೈಲ್ ಬೇಕು. ಈ ಆಫೀಸಲ್ಲಿ ಯಾರ ಹತ್ರ ಇದೆ?”

ಯಾರ ಹತ್ತಿರವೂ ಇರಲಿಲ್ಲ. ಎಂಬತ್ತು ಜನರ ಆಫೀಸು, ಆಟ ಕಟ್ಟುವವರೇ ಎಲ್ಲ. ಮೊದಲಿನಿಂದ ಕೊನೆಯವರೆಗೆ ಆಡಿದವರು ಒಬ್ಬರಿಲ್ಲ.

“ನಮ್ಮಕ್ಕನ ಹತ್ರ ಇದೆ,” ಎಂದಳು ಚಕ್ರಿ.

ಅಕ್ಕ ಫೈಲ್ ಕೊಡಲು ಖಂಡಿತ ಒಪ್ಪಲಿಲ್ಲ. “ನನ್ನ ಚೀಲಕ್ಕೆ ಯಾರ್ಯಾರೋ ಕೈ ಹಾಕಿ, ಮುಲಾಮೆಲ್ಲ ಖಾಲಿ ಮಾಡಿ, ಕಂಬಳಿ ಬಿಸಾಕಿದ್ರೆ? ಬೇಕಿದ್ರೆ ನಾನೇ ಬಂದು ಆಡ್ತೀನಿ.”

ಚಕ್ರಿ ಒಂದು ಕ್ಷಣ ತಡವರಿಸಿದಳು. ಊರುಗೋಲು, ಪ್ಲಾಸ್ಟರು, ಬಾಯಿ ತೆರೆದರೆ ನಿಲ್ಲದ ಅಕ್ಕ, ಗಾಜಿನ ಕೋಣೆ, ಕತ್ತರಿ. ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. “ಬಾ,” ಎಂದಳು.

ಗುರುವಾರ ಟ್ಯಾಕ್ಸಿಯಲ್ಲಿ ಅವಳ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಅಕ್ಕ ಅದರ ಮೇಲೆ ಕೈಯಿಟ್ಟು ಅದುಮಿ, ಕಿಟಕಿಯಾಚೆ ತೋರಿಸಿದಳು. “ಈ ಬಸ್ ಸ್ಟಾಪಲ್ಲೇ ಅಲ್ವೇನೇ, ನಿನ್ನ ಮೊದಲನೇ ದಿನ ಬಸ್ ಹತ್ತಿಸಿದ್ದು? ಚಳಿ ಅಂತ ನನ್ನ ಶಾಲು ಹೊದಿಸಿ ಕಳಿಸಿದ್ದೆ. ‘ಆ ಆಫೀಸಲ್ಲಿ ಏನೇನಿದೆ ಅಂತ ಬಂದು ಹೇಳೇ, ನಾನು ಈ ಬೆಂಚು ಬಿಟ್ಟು ಹೋದವಳಲ್ಲ’ ಅಂದಿದ್ದೆ. ಆಟದಲ್ಲಿ ಆ ದೋಣಿಯವಳ ಬಾಯಲ್ಲಿ ನನ್ನ ಮಾತು ಕೇಳಿದಾಗ ನಗು ಬಂತು ನೋಡು. ನೆನಪಿಟ್ಕೊಂಡಿದಾಳಲ್ಲ ಅಂದ್ಕೊಂಡೆ.”

ಚಕ್ರಿ ನೆನಪಿಟ್ಟುಕೊಂಡಿರಲಿಲ್ಲ. ಕೈ ನೆನಪಿಟ್ಟುಕೊಂಡು ಬರೆದಿತ್ತು, ಅಷ್ಟೇ. ಆಫೀಸು ಮನೆಯಿಂದ ಹನ್ನೊಂದು ಸ್ಟಾಪು. ಒಂಬತ್ತು ವರ್ಷದಲ್ಲಿ ಅಕ್ಕ ಅದರ ಬಾಗಿಲು ಕಂಡಿರಲಿಲ್ಲ. ಸಂಜೆ ಬಂದಾಗ ಅಕ್ಕ ಕೇಳಿದರೆ ಇವಳದು ಒಂದೇ ಉತ್ತರವಾಗಿತ್ತು, ಆಮೇಲಾಮೇಲೆ ಅಕ್ಕ ಕೇಳುವುದನ್ನೂ ಬಿಟ್ಟಿದ್ದಳು.

ಹನ್ನೊಂದು ಗಂಟೆಗೆ ಗಾಜಿನ ಕೋಣೆಯಲ್ಲಿ ಕತ್ತರಿ, ಗಡ್ಡ, ಇನ್ನು ನಾಲ್ಕು ಜನ. ಅಕ್ಕ ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಪ್ಲಾಸ್ಟರ್ ಕಾಲು ಚಾಚಿದಳು. ಕತ್ತರಿ ಮರ್ಯಾದೆಗೆ ನಕ್ಕರು. ಅಕ್ಕ ಅವರ ಬಾಯಿ ನೋಡಿ, “ಬಲಗಡೆ ಮೇಲಿನ ಹಲ್ಲು ಕಟ್ಟಿಸಿದ್ದಲ್ವಾ? ಬಣ್ಣ ಹೊಂದಿಲ್ಲ. ಯಾರು ಕಟ್ಟಿದ್ದು?” ಎಂದಳು. ಕತ್ತರಿಯ ನಗೆ ತುಟಿಯೊಳಗೆ ಹೋಯಿತು. “ನನಗೆ ಇಪ್ಪತ್ತು ನಿಮಿಷ ಇದೆ,” ಎಂದರು.

“ಸ್ವಲ್ಪ ಪಕ್ಕಕ್ಕೆ ಸರೀರಿ ಹಾಗಾದ್ರೆ. ಕಾಣ್ತಿಲ್ಲ.”

ನದಿ ಬಂತು. ದಡ ಬಂತು. ಅಕ್ಕ ಗುಂಡಿ ಒತ್ತುವ ಮೊದಲು ಒಮ್ಮೆ ಉಸಿರು ಬಿಟ್ಟಳು, ಹತ್ತು ಸಲ ಸೋತವಳು ಹನ್ನೊಂದನೆಯ ಬಾಗಿಲು ತಟ್ಟುವಾಗ ಬಿಡುವಂಥ ಉಸಿರು. ದೋಣಿಯವಳು ಹುಟ್ಟು ಕೆಳಗಿಟ್ಟು ತಿರುಗಿದಳು.

“ಬಂದೆಯಾ! ನನ್ನ ಕಂಬಳಿ ಇನ್ನೂ ಇಟ್ಟುಕೊಂಡಿದ್ದೀಯಲ್ಲ. ಹೇಳು ಮತ್ತೆ, ಗುಡ್ಡದಾಚೆ ಏನೇನಿದೆ?”

“ಅಯ್ಯೋ ನನ್ನವ್ವಾ,” ಎಂದಳು ಅಕ್ಕ. ಕಂಟ್ರೋಲರ್ ಮಡಿಲಿಗೆ ಬಿತ್ತು. ಅವಳ ಕಣ್ಣು ತುಂಬಿದ್ದನ್ನು ಕೋಣೆಯವರೆಲ್ಲ ನೋಡಿದರು. ಅವಳು ಮುಚ್ಚಿಕೊಳ್ಳಲೂ ಇಲ್ಲ.

ಪರದೆಯ ಮೇಲೆ ಮೂರು ಉತ್ತರಗಳು ಮೂಡಿದವು, ಆರಿಸಿಕೊಳ್ಳಲು. ಒಂದು: “ದೊಡ್ಡ ಪಟ್ಟಣವಿದೆ.” ಎರಡು: “ಏನಿಲ್ಲ ಬಿಡು.” ಮೂರು: “ಬಾಯಲ್ಲಿ ಹೇಳಲಾಗುವುದಿಲ್ಲ. ಬಾ, ತೋರಿಸುತ್ತೇನೆ.”

ಮೂರನ್ನೂ ಮಂಗಳವಾರ ಗಡಿಬಿಡಿಯಲ್ಲಿ ಬರೆದಿದ್ದವಳು ಚಕ್ರಿಯೇ. ಗೋಡೆಯಗಲದ ಪರದೆಯ ಮೇಲೆ ಎರಡನೆಯದನ್ನು ಓದಿದಾಗ ಅವಳ ಮುಖಕ್ಕೆ ರಕ್ತ ನುಗ್ಗಿತು. ವರ್ಷಗಟ್ಟಲೆ, ಅಕ್ಕ ಕೇಳಿದ ಸಂಜೆಗಳಲ್ಲೆಲ್ಲ, ಚಪ್ಪಲಿ ಬಿಡುತ್ತ, ಅವಳು ಹೇಳಿದ್ದು ಆ ಎರಡು ಪದವನ್ನೇ. ಅಕ್ಕ ಕತ್ತು ತಿರುಗಿಸಿ ತಂಗಿಯನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. “ಈ ಎರಡನೇದು ನಿಂದು,” ಎಂದಳು ಮೆಲ್ಲಗೆ, ಮತ್ತೆ ಮೂರನೆಯದನ್ನು ಒತ್ತಿದಳು.

ಇಪ್ಪತ್ತು ನಿಮಿಷ ಯಾವಾಗ ಮುಗಿಯಿತೋ ಯಾರೂ ನೋಡಲಿಲ್ಲ. ಪರದೆ ನಡುವಿನ ದಾರಿಯನ್ನೆಲ್ಲ ಹಾರಿ ನೇರ ಹೆಬ್ಬಾಗಿಲಿಗೆ ಬಂತು, ದೋಣಿಯವಳು ಅಲ್ಲಿ ಹೆದರಿ ನಿಂತಳು. ಅಕ್ಕ ಅವಳಿಗಾಗಿ ಕಾದಳು. ಕಾವಲಿನವನು ಒಳಗೆ ಬಿಡಲಿಲ್ಲ. ಅಕ್ಕ ಗಿರಣಿಯವನ ಮಗಳನ್ನು ಹುಡುಕಿ ಶಿಫಾರಸು ಮಾಡಿಸಿದಳು. ಬೀದಿಯಲ್ಲಿ ಎಡವಿ ಬಿದ್ದು ದೋಣಿಯವಳ ಮೊಣಕಾಲು ತರಚಿತು. ಇನ್ನೂರ ಹನ್ನೆರಡರಲ್ಲಿ ಮೊದಲ ಮುಲಾಮಿನ ಸೀಸೆ ಆಗ ತೆರೆಯಿತು. “ಅದಕ್ಕೇ ಹೇಳಿದ್ದು, ಬೇಕಾಗುತ್ತೆ ಅಂತ,” ಎಂದಳು ಅಕ್ಕ ಕತ್ತರಿಗೆ. ಅವರು ಹೌದೆಂದು ತಲೆಯಾಡಿಸಿದರು. ನೀರಿನ ತೊಟ್ಟಿಯ ಹತ್ತಿರ ದೋಣಿಯವಳು ಪಾಚಿ ಮುಟ್ಟಿ ನೋಡಿದಳು. ಅಲ್ಲಿಗೆ ಬೀದಿ ಮುಗಿದು ಪರದೆ ಕಪ್ಪಾಯಿತು.

“ಮುಂದೆ?” ಎಂದಳು ಅಕ್ಕ.

“ಇನ್ನೂ ಕಟ್ಟಿಲ್ಲ,” ಎಂದ ಗಡ್ಡ.

ಕತ್ತರಿ ಕನ್ನಡಕ ಒರೆಸಿಕೊಂಡರು. “ಅರಮನೆ, ಅಖಾಡ, ಮೂರು ತಲೆಯವನು, ಎಲ್ಲಾ ತೆಗೀರಿ. ದೋಣಿಯವಳಿಗೆ ಅಲ್ಲೇನೂ ಕೆಲಸ ಇಲ್ಲ. ಬೀದಿಗಳು ಇರ್ಲಿ. ಆರು ತಿಂಗಳು ಕೊಡ್ತೀನಿ.” ಬಾಗಿಲ ತನಕ ಹೋದವರು ನಿಂತರು. “ಇವ್ರೇ, ನನಗೂ ಮೊದಲಿಂದ ಆಡೋಕೆ ಒಂದು ಕಾಪಿ ಕಳಿಸಿ. ನದಿಯಿಂದ.”

ಅರಮನೆಯೊಂದಕ್ಕೇ ಎರಡು ವರ್ಷ ಹೋಗಿತ್ತು. ನೋವಾಯಿತು, ಆಗದೆ ಇರುತ್ತದೆಯೇ? ಆದರೆ ಪಟ್ಟಣ ಉಳಿದಿತ್ತು. ಎಲ್ಲರೂ ಎದ್ದು ಹೋದರು. ಚಕ್ರಿಯ ಕಾಲು ರೂಢಿಯಂತೆ ಕಾರಿಡಾರಿನ ಕಡೆಗೆ ಎಳೆಯಿತು. ಹೋಗಲಿಲ್ಲ. ಅಕ್ಕನ ಊರುಗೋಲು ಎತ್ತಿಕೊಟ್ಟು, ತನ್ನ ಮೇಜಿನ ತನಕ ನಡೆಸಿಕೊಂಡು ಹೋಗಿ, ತನ್ನ ಕುರ್ಚಿಯಲ್ಲಿ ಕೂರಿಸಿದಳು. ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ತಾನೂ ಕೂತಳು.

“ಇದು ನನ್ನ ಜಾಗ,” ಎಂದಳು. “ಇಲ್ಲಿ ಏನೇನಿದೆ ಅಂದ್ರೆ, ಈ ಪಟ್ಟಣದಲ್ಲಿ—”

ಅಕ್ಕ ಅವಳ ಕೈ ಹಿಡಿದು ತಡೆದಳು. “ಪಟ್ಟಣ ಆಮೇಲೆ. ನೀನು ಶಾಲು ಹೊದ್ಕೊಂಡು ಬಸ್ ಇಳಿದ್ಯಲ್ಲ, ಅಲ್ಲಿಂದ ಹೇಳು.”